ಕಲ್ಲಿಗೆ ಕಿವಿಯಿಟ್ಟವರು

ಯಾವ ವಸ್ತುವನ್ನೇ ಆಗಲಿ, ಮುಟ್ಟುವ ಮೊದಲು ಅವರು ಅದನ್ನು ಒಮ್ಮೆ ಕುಟ್ಟಿ ನೋಡುತ್ತಿದ್ದರು. ಹಲಸಿನಕಾಯಿಯನ್ನು ಎಲ್ಲರೂ ಕುಟ್ಟುತ್ತಾರೆ, ತೆಂಗಿನಕಾಯಿಯನ್ನೂ ಕುಟ್ಟುತ್ತಾರೆ. ಅವರು ಹೋಟೆಲಿನ ಮೇಜನ್ನು ಕುಟ್ಟುತ್ತಿದ್ದರು, ಬಸ್ಸು ಹತ್ತುವಾಗ ಬಾಗಿಲಿನ ತಗಡನ್ನು ಕುಟ್ಟುತ್ತಿದ್ದರು. ಮೊದಲ ಸಲ ನಮ್ಮ ಮನೆಗೆ ಬಂದ ದಿನ ಜಗಲಿಯ ಕಂಬಕ್ಕೆ ಬೆರಳ ಗೆಣ್ಣಿನಿಂದ ಎರಡು ಸಲ ಕುಟ್ಟಿ, "ಒಳಗೆ ಒರಲೆ ಇತ್ತ್, ಮಾಷ್ಟ್ರೆ" ಎಂದರು. ಮೊದಲ ಸಲ ಬಂದವರು ಹೀಗೆ ಹೇಳಬಹುದೇ ಎಂದು ಅಮ್ಮನಿಗೆ ಬೇಸರವಾಯಿತು. ಆರು ತಿಂಗಳಲ್ಲಿ ಗೆದ್ದಲು ತಿಂದ ಕಂಬ ಬುಡದಿಂದ ಪುಡಿಪುಡಿಯಾಗಿ ಉದುರಿತು. ಆಮೇಲೆ ಅವರು ಬಂದಾಗಲೆಲ್ಲ ಅಮ್ಮ ಕಾಫಿ ಕೊಡುವ ಮೊದಲೇ, "ಆ ಅಡ್ಡತೊಲೆಯನ್ನೂ ಒಂದ್ಸಲ ಕುಟ್ಟಿ ಕಾಣಿ" ಎನ್ನುತ್ತಿದ್ದರು.

ಕಳೆದ ತಿಂಗಳು ಅವರು ತೀರಿಕೊಂಡರು. ಮಲಗಿದಲ್ಲೇ, ನಿದ್ದೆಯಲ್ಲಿ. ವಯಸ್ಸಾಗಿತ್ತು, ಅದರಲ್ಲಿ ಆಶ್ಚರ್ಯವಿಲ್ಲ. ನನಗೆ ಆಶ್ಚರ್ಯವೆನಿಸುವುದು ಅವರು ಇಷ್ಟು ವರ್ಷ ಇದ್ದದ್ದು. ಹತ್ತು ಹನ್ನೊಂದು ವರ್ಷದ ಹಿಂದೆ ಒಂದು ಬೇಸಿಗೆಯಲ್ಲಿ, ಬೆಳಿಗ್ಗೆ ಹನ್ನೊಂದು ಗಂಟೆಯ ಹೊತ್ತಿಗೆ, ಅವರು ನನ್ನ ಕೈಯಿಂದ ಸತ್ತೇ ಹೋಗಿದ್ದರು ಎನ್ನಬಹುದು.

ಅವರ ಹೆಸರು ಬರೆಯುವುದಿಲ್ಲ. ನೀರುಕಟ್ಟೆಯ ಬದಿಯಲ್ಲಿ ಒಂದು ಕಲ್ಲು ನೆಟ್ಟು ಹೆಸರು ಕೆತ್ತಿಸುತ್ತೇವೆ ಎಂದಾಗ ಬೇಡವೆಂದವರು ಅವರು. "ಕಟ್ಟಿದವ ಯಾರ್ ಅಂದೇ ಯಾರಿಗೂ ಗೊತ್ತಿಲ್ಲೆ. ರಿಪೇರಿ ಮಾಡ್ದವನ ಹೆಸ್ರ್ ಎಂತಕೆ?" ಎಂದಿದ್ದರು. ಊರಿಗೆಲ್ಲ ಅವರು ಫಿಟ್ರು. ಹಂಚಿನ ಕಾರ್ಖಾನೆಯೊಂದರಲ್ಲಿ ಪಂಪು, ಬಾಯ್ಲರು ನೋಡಿಕೊಳ್ಳುವ ಫಿಟ್ಟರ್ ಆಗಿದ್ದವರು. ಕಾರ್ಖಾನೆ ಮುಚ್ಚಿದ ಮೇಲೆ ಊರಿನ ಬಾವಿಗಳ ಪಂಪು ರಿಪೇರಿ ಮಾಡಿಕೊಂಡಿದ್ದರು. ಕೈಯಲ್ಲಿ ಯಾವಾಗಲೂ ಒಂದು ಗಿಡ್ಡ ಸುತ್ತಿಗೆ. ಬಾಯಲ್ಲಿ ಯಾವಾಗಲೂ ಒಂದು ಪ್ರಶ್ನೆ. ನಮ್ಮ ಹೈಸ್ಕೂಲಿನ ನೀರಿನ ಟ್ಯಾಂಕು ನೋಡಲು ಬಂದವರು ಪ್ರಯೋಗಾಲಯದ ಕಿಟಕಿಯಲ್ಲಿ ನಿಂತು ನನ್ನ ಪಾಠವನ್ನು ಪೂರ್ತಿ ಕೇಳಿಸಿಕೊಂಡು, ಮಕ್ಕಳು ಹೋದ ಮೇಲೆ, "ಸುಣ್ಣಕ್ಕೆ ನೀರ್ ಹಾಕ್ರೆ ಬಿಸಿ ಎಂತಕೆ ಆಪುದ್? ಬೆಂಕಿ ಎಲ್ಲಿ ಇದ್ದಿತ್ತ್?" ಎಂದು ಕೇಳಿದ್ದರು. ನಾನು ವಿಜ್ಞಾನದ ಮಾಷ್ಟ್ರು, ರಸಾಯನಶಾಸ್ತ್ರ ಓದಿದವನು. ಎಷ್ಟೋ ವರ್ಷಗಳಿಂದ ಅದೇ ಪಾಠ ಮಾಡುತ್ತಿದ್ದರೂ ಒಬ್ಬ ಹುಡುಗನೂ ಅದನ್ನು ಕೇಳಿರಲಿಲ್ಲ.

ನೀರುಕಟ್ಟೆಯ ವಿಷಯ ಹೇಳಬೇಕು. ಕುಂದಾಪುರದ ಆಚೆ, ಹಟ್ಟಿಯಂಗಡಿ ಕಡೆಗೆ ಹೋಗುವಲ್ಲಿ, ಹಿಂದೆ ದೋಣಿಯಲ್ಲಿ ಹೊಳೆ ದಾಟಿಸುತ್ತಿದ್ದ ಕಡವಿನ ಹಳೆಯ ದಾರಿಯೊಂದಿದೆ. ಸೇತುವೆಗಳು ಆಗುವ ಮೊದಲು ಕೊಲ್ಲೂರಿಗೆ ನಡೆದು ಹೋಗುವವರು ದೋಣಿ ಇಳಿದು ಅಲ್ಲಿ ನೀರು ಕುಡಿದು ಮುಂದೆ ಹೋಗುತ್ತಿದ್ದರಂತೆ. ಎದೆಯೆತ್ತರದ ಕರಿಕಲ್ಲಿನ ಕಂಬ, ಅದಕ್ಕೆ ಎರಡು ಹಿತ್ತಾಳೆಯ ನಳಿಗೆ. ಮೇಲಿನದು ನಿಂತವರ ಬೊಗಸೆಗೆ, ಕೆಳಗಿನದು ಮಕ್ಕಳ ಬಾಯಿಗೆ. ಚೆಲ್ಲಿದ ನೀರು ಹರಿದು ಎತ್ತುಗಳಿಗೆಂದು ಮಾಡಿದ ಕಲ್ಲಿನ ಮರಿಗೆಗೆ ಬೀಳುತ್ತದೆ. ಪಕ್ಕದಲ್ಲಿ ತಲೆಹೊರೆ ಇಳಿಸುವ ಕಲ್ಲು. ನಾನು ಹುಟ್ಟುವ ಮೊದಲೇ ಅದರ ನೀರು ನಿಂತುಹೋಗಿತ್ತು. ನಾವು ಕಂಡದ್ದು ಕಂಬಕ್ಕೆ ಅಂಟಿಸಿದ ಯಕ್ಷಗಾನದ ಪೋಸ್ಟರುಗಳನ್ನು, ಒಂದರ ಮೇಲೆ ಒಂದು.

ನಮ್ಮ ಯುವಕ ಮಂಡಲದವರು ಅದನ್ನು ಸರಿಮಾಡಿಸಲು ಹೊರಟಾಗ ಓದಿದವನೆಂದು ನನ್ನನ್ನು ಮುಂದೆ ಮಾಡಿದರು. ನೀರು ಎಲ್ಲಿಂದ ಬರುತ್ತಿತ್ತು ಎಂಬುದೇ ಯಾರಿಗೂ ಗೊತ್ತಿರಲಿಲ್ಲ. ನೀರು ಮೇಲಿನಿಂದ ಕೆಳಗೆ ಹರಿಯುತ್ತದೆ, ಹಿಂದೆ ಗುಡ್ಡ ಇದೆ, ಆದ್ದರಿಂದ ಮೂಲ ಗುಡ್ಡದಲ್ಲೇ ಇರಬೇಕು ಎಂದು ನಾನು ತೀರ್ಮಾನ ಮಾಡಿದೆ. ಒಂದು ವಾರ ಗುಡ್ಡ ಅಗೆಸಿದೆ. ಕೆಂಪು ಮುರಕಲ್ಲು ಬಿಟ್ಟು ಬೇರೇನೂ ಸಿಗಲಿಲ್ಲ. ಎಂಟನೆಯ ದಿನ ಫಿಟ್ರು ಬಂದು ಹೊಂಡದ ಅಂಚಿನಲ್ಲಿ ನಿಂತರು.

"ಇಲ್ಲಿ ಎಂತಕೆ ಅಗಿತ್ರಿ?"

"ಕಟ್ಟೆ ನೀರಿನ ಮೂಲ ಹುಡ್ಕೂದ್."

"ಆ ನೀರ್ ಕುಡ್ದವ್ರನ್ ಯಾರನ್ನಾರೂ ಕೇಂಡ್ರಿಯಾ?"

ಕೇಳಿರಲಿಲ್ಲ.

ಕೇಳಬೇಕಾದವರು ದಿನಾ ನಮ್ಮ ಎದುರಿಗೇ ಬಂದು ಹೋಗುತ್ತಿದ್ದರು. ಮುತ್ತಕ್ಕ ಮೀನು ಮಾರುವವರು. ಕಟ್ಟೆಯಲ್ಲಿ ನೀರಿಲ್ಲದಿದ್ದರೂ ಹೊರೆಗಲ್ಲಿನ ಮೇಲೆ ಬುಟ್ಟಿ ಇಳಿಸಿ ಒಂದು ಗಳಿಗೆ ಕೂತೇ ಮುಂದೆ ಹೋಗುವುದು ಅವರ ಕ್ರಮ. ಅವರ ತಾಯಿಯೂ ಹಾಗೆಯೇ ಕೂರುತ್ತಿದ್ದರಂತೆ.

"ಹ್ವಾಯ್ ಮುತ್ತಕ್ಕ, ಈ ನೀರ್ ಹ್ಯಾಂಗ್ ಬತ್ತಿದ್ದಿತ್ತ್?" ಎಂದು ಫಿಟ್ರು ಕೇಳಿದರು.

"ಹ್ಯಾಂಗ್ ಬಪ್ದ್? ಬಸ್ಸಂಗೆ ಬತ್ತಿತ್ತಾ?" ಎಂದು ಮುತ್ತಕ್ಕ ಎಲೆಯಡಿಕೆ ತೆಗೆದರು. ಅರ್ಧ ಎಲೆ ಅಗಿದ ಮೇಲೆ ತಾಯಿಯ ಮಾತನ್ನು ಹೇಳಿದರು: "ಅಬ್ಬಿ ಹೇಳ್ತಿದ್ಲ್. ಹೊಳಿ ಭರ್ತ ಆರೆ ನೀರ್ ದಪ್ಪ ಬತ್ತಿತ್ತಂಬ್ರ್. ಇಳ್ತ ಆರೆ ನೂಲಿನ್ ಹಾಂಗೆ."

ಮುತ್ತಕ್ಕ ಎದ್ದು ಹೋದ ಮೇಲೆ ಫಿಟ್ರು ಹೊರೆಗಲ್ಲಿನ ಮೇಲೆ ಕೂತು ಹೊಳೆಯನ್ನೇ ನೋಡುತ್ತ ಇದ್ದರು. ಸಮುದ್ರದ ನೀರು ಏರಿ ಹೊಳೆ ತುಂಬಿ, ಮತ್ತೆ ಇಳಿದು ಕೆಸರು ಕಾಣುವವರೆಗೆ ಕೂತೇ ಇದ್ದರು. ಸಂಜೆ ನಾನು ಮತ್ತೆ ಬಂದಾಗ ಎದ್ದು ಬಂದು, "ಗುಡ್ಡಿ ನೀರಿಗೆ ಭರ್ತ ಇಳ್ತ ಗೊತ್ತಾತಿಲ್ಲೆ, ಮಾಷ್ಟ್ರೆ. ಇದ್ ಹೊಳಿ ಸಂಬಂಧದ್ ನೀರ್" ಎಂದರು.

ಅವರು ಹೇಳಿದ ಕೂಡಲೇ ನನಗೆ ಎಲ್ಲ ಹೊಳೆಯಿತು. ಉಪ್ಪುನೀರು ಭಾರ, ಸಿಹಿನೀರು ಹಗುರ. ಭರತದ ಹೊತ್ತಿಗೆ ಕೆಳಗಿನಿಂದ ಉಪ್ಪುನೀರು ಒತ್ತಿದಾಗ ನೆಲದೊಳಗಿನ ಸಿಹಿನೀರು ಮೇಲಕ್ಕೇರುತ್ತದೆ. ನಾನು ಕಡ್ಡಿಯಿಂದ ಮಣ್ಣಿನ ಮೇಲೆ ಚಿತ್ರ ಬರೆದು ಉತ್ಸಾಹದಿಂದ ವಿವರಿಸಿದೆ. ಅವರು ಪೂರ್ತಿ ಕೇಳಿ, ಗುಡ್ಡದ ಕಡೆ ಒಮ್ಮೆ ನೋಡಿ, "ಇಷ್ಟೆಲ್ಲ ಗೊತ್ತಿದ್ದವ್ರ್ ಅಲ್ಲಿ ಎಂತಕೆ ಅಗೆದ್ರಿ?" ಎಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆ ಪ್ರಶ್ನೆಯನ್ನು ಅಂದೇ ಸರಿಯಾಗಿ ಕೇಳಿಸಿಕೊಂಡಿದ್ದರೆ ಈ ಬರಹದ ಅಗತ್ಯ ಇರುತ್ತಿರಲಿಲ್ಲವೇನೋ.

ಎರಡು ದಿನ ಅವರು ಒಂದು ಉದ್ದದ ಕಬ್ಬಿಣದ ಸರಳು ಹಿಡಿದು ಕಟ್ಟೆಯ ಸುತ್ತ ನೆಲವನ್ನು ಕುಟ್ಟುತ್ತ ಹೋದರು. ಕುಟ್ಟುವುದು, ಸರಳಿನ ತುದಿಗೆ ಕಿವಿ ಕೊಡುವುದು, ಒಂದು ಹೆಜ್ಜೆ ಮುಂದಿಡುವುದು. ಶಾಲೆಯ ಮಕ್ಕಳು ಹಿಂದೆ ಹಿಂದೆ ನಡೆದು ಅಣಕಿಸಿದರು. ಕಂಬದಿಂದ ಇಪ್ಪತ್ತು ಹೆಜ್ಜೆ ಹಿಂದೆ, ಏರು ಶುರುವಾಗುವಲ್ಲಿ, ಮುಳ್ಳಿನ ಪೊದೆಯೊಳಗೆ ಸದ್ದು ಬದಲಾಯಿತು. ಸರಳನ್ನು ನನ್ನ ಕೈಗೆ ಕೊಟ್ಟು, "ನೀವೂ ಕೇಣಿ" ಎಂದರು. ಖಾಲಿ ಹಂಡೆಯ ಸದ್ದು. ಪೊದೆ ಕಡಿದು ಮಣ್ಣು ಸರಿಸಿದರೆ ಚಪ್ಪಡಿ, ಚಪ್ಪಡಿಯಲ್ಲಿ ಒಬ್ಬ ಇಳಿಯುವಷ್ಟು ಕಿಂಡಿ, ಅದಕ್ಕೊಂದು ಕಲ್ಲಿನ ಮುಚ್ಚಳ. ಕೆಳಗೆ ಮುರಕಲ್ಲಿನಲ್ಲಿ ಕಟ್ಟಿದ ತೊಟ್ಟಿ, ಎರಡೂವರೆ ಆಳು ಆಳ. ಒಳಗಿನಿಂದ ಕಂಬದವರೆಗೆ ಮಣ್ಣಿನ ಕೊಳವೆ ಹೂತಿತ್ತು. ಒಡೆದ ಒಂದು ಚೂರನ್ನು ಎತ್ತಿ ಕುಟ್ಟಿದ ಫಿಟ್ರು, "ಸುಟ್ಟದ್ದ್ ಒಳ್ಳೆ ಹದ ಆಯಿತ್ತ್" ಎಂದು ಬಹಳ ಹೊತ್ತು ಕೈಯಲ್ಲಿ ಹಿಡಿದುಕೊಂಡಿದ್ದರು. ಹಂಚಿನ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಕಳೆದವರ ಮೆಚ್ಚುಗೆ ಅದು.

ತೊಟ್ಟಿಗೆ ಇಳಿಯುವುದಕ್ಕೆ ಅವರದೇ ನಿಯಮಗಳಿದ್ದವು. ಮೊದಲು ಸೊಪ್ಪಿನ ಗೆಲ್ಲನ್ನು ಹಗ್ಗಕ್ಕೆ ಕಟ್ಟಿ ಇಳಿಸಿ, ಎತ್ತಿ, ಒಳಗಿನ ಗಾಳಿಯನ್ನು ಕದಡುವುದು. ಆಮೇಲೆ ಹಚ್ಚಿದ ದೀಪ ಇಳಿಸುವುದು. ನಂದಿದರೆ ಒಳಗೆ ಉಸಿರಾಡುವ ಗಾಳಿ ಇಲ್ಲ, ಇಳಿಯುವಂತಿಲ್ಲ. ಇಳಿದವನ ಎದೆಗೆ ಹಗ್ಗ. ಕೊನೆಯದು, ಅವರ ಲೆಕ್ಕದಲ್ಲಿ ಎಲ್ಲಕ್ಕಿಂತ ದೊಡ್ಡದು: "ಕೆಳ್ಗೆ ಇದ್ದವ ಕುಟ್ಟತಾ ಇರ್ಕ್. ಮೇಲ್ ಇದ್ದವ ಕೇಂತಾ ಇರ್ಕ್." ಏನು ಕೆಲಸ ಮಾಡುತ್ತಿದ್ದರೂ ನಡುನಡುವೆ ಗೋಡೆಗೆ ಮೂರು ಪೆಟ್ಟು. ಕೂಗಬಾರದು, ಕೂಗಿದರೆ ಉಸಿರು ಹಾಳು. ಕೇಳುವವನು ಬೇರೇನೂ ಮಾಡಬಾರದು. ಬೀಡಿ ಕೂಡ ಸೇದಬಾರದು.

ಆ ಬೆಳಿಗ್ಗೆ ತೊಟ್ಟಿಯಲ್ಲಿ ನಿಂತ ಕೊಳೆನೀರನ್ನು ತೆಗೆಯಬೇಕಿತ್ತು. ಬಚ್ಚಂಗಾಯಿ, ಎಂದರೆ ಕಲ್ಲಂಗಡಿ, ಬೆಳೆಯುವವರೊಬ್ಬರಿಂದ ಸೀಮೆಎಣ್ಣೆ ಪಂಪು ತಂದೆ. ಹೀರುವ ಪೈಪು ಗಿಡ್ಡವಾಯಿತು. ತೊಟ್ಟಿಯೊಳಗೆ ಅರ್ಧಕ್ಕೆ ಒಂದು ಕಲ್ಲಿನ ಕಟ್ಟೆಯಿತ್ತು.

"ಪಂಪನ್ನೇ ಒಳ್ಗೆ ಇಳ್ಸಿ ಅಲ್ಲಿ ಇಡುವ" ಎಂದೆ.

"ಹೊಗಿ?" ಎಂದರು ಫಿಟ್ರು.

"ಕಿಂಡಿ ತೆರ್ದೇ ಇತ್ತಲೆ, ಮೇಲ್ ಹೋತ್ತ್."

ಅವರು ಕಿಂಡಿಯನ್ನು ನೋಡಿದರು, ನನ್ನನ್ನು ನೋಡಿದರು. "ನೀವ್ ಓದ್ದವ್ರ್" ಎಂದರು. ಅದರಲ್ಲಿ ಚುಚ್ಚು ಇರಲಿಲ್ಲ. ಅವರಿಗೆ ಗೊತ್ತಿಲ್ಲದ್ದನ್ನು ಗೊತ್ತಿದ್ದವನ ಹತ್ತಿರ ಕೇಳಿ, ಸಿಕ್ಕಿದ ಉತ್ತರವನ್ನು ತೆಗೆದುಕೊಂಡರು, ಅಷ್ಟೇ.

ಒಂದು ಗಂಟೆ ಪಂಪು ಓಡಿತು. ನೀರು ಇಳಿಯಿತು. ಎಣ್ಣೆ ಮುಗಿದು ಪಂಪು ತಾನೇ ನಿಂತ ಮೇಲೆ ಚಹಾ ಕುಡಿದೆವು. ಹೊಗೆ ಕಣ್ಣಿಗೆ ಕಾಣದಷ್ಟು ಹೋಗಿತ್ತು. ಅವರು ಸೊಪ್ಪು ಇಳಿಸಿದರು, ದೀಪ ಇಳಿಸಿದರು. ದೀಪ ಅಲ್ಲಾಡದೆ ಉರಿಯಿತು. ಎದೆಗೆ ಹಗ್ಗ ಕಟ್ಟಿಕೊಂಡು ಇಳಿದರು. ಕೊಳವೆಯ ಬಾಯಿಗೆ ಬೇರು ತುಂಬಿತ್ತು, ಅದನ್ನು ಬಿಡಿಸುವುದು ಆ ದಿನದ ಕೆಲಸ. ಮೂರು ಪೆಟ್ಟು ಕೇಳಿತು. ಸ್ವಲ್ಪ ಹೊತ್ತಿಗೆ ಮತ್ತೆ ಮೂರು ಪೆಟ್ಟು. ಮಂಡಲದ ಹುಡುಗರು ಸುಣ್ಣ ತರಲು ಹೋಗಿದ್ದರು. ಹಗ್ಗದ ತುದಿಯನ್ನು ಮರಕ್ಕೆ ಬಿಗಿದು ನಾನೊಬ್ಬನೇ ಕಿಂಡಿಯ ಬಳಿ ಕೂತಿದ್ದೆ.

ಆಗ ನನಗೆ ಕಂಬದ ಮೇಲಿನ ನಳಿಗೆಯ ತುದಿ ಬಿಸಿಲಿಗೆ ಮಿಂಚಿದ ಹಾಗೆ ಕಂಡಿತು. ಇಪ್ಪತ್ತೇ ಹೆಜ್ಜೆ. ಎದ್ದು ಹೋದೆ. ಹಿತ್ತಾಳೆಯ ಅಂಚಿನಲ್ಲಿ ನಿಜವಾಗಿ ಒಂದು ಹನಿ. ಮಣ್ಣು ಬಣ್ಣದ, ಉಬ್ಬಿದ, ಬೀಳಲೋ ಬೇಡವೋ ಎನ್ನುವ ಹನಿ. ನನ್ನ ಆಯುಷ್ಯದಲ್ಲಿ ಆ ಕಟ್ಟೆಯಲ್ಲಿ ಕಂಡ ಮೊದಲ ನೀರು. ಅದು ಬಿತ್ತು. ಇನ್ನೊಂದು ಬರುತ್ತದೆಯೇ ಎಂದು ನಾನು ಬಗ್ಗಿ ನಿಂತೆ.

ಎಷ್ಟು ಹೊತ್ತು ನಿಂತಿದ್ದೆ ಎಂಬುದನ್ನು ಇವತ್ತಿಗೂ ಹೇಳಲಾರೆ. ನೆನಪಿನಲ್ಲಿ ಕೆಲವು ದಿನ ಅದು ಅರ್ಧ ನಿಮಿಷ, ಕೆಲವು ದಿನ ಹತ್ತು ನಿಮಿಷ. ಎರಡನೆಯ ಹನಿ ಬಂತೇ ಎಂಬುದೂ ನೆನಪಿಲ್ಲ. ನೆನಪಿರುವುದು ಹೊರೆಗಲ್ಲಿನ ಮೇಲೆ ಬುಟ್ಟಿ ಇಳಿಸಿದ ಸದ್ದು, ಆಮೇಲೆ ಮುತ್ತಕ್ಕನ ಮಾತು.

"ಮಾಷ್ಟ್ರೆ, ನಾ ಬಪ್ಪತಿಗೆ ಕುಟ್ಟೂದ್ ಕೇಂತಿತ್ತ್. ಈಗ ಇಲ್ಲೆ ಅಲ್ದಾ?"

ಓಡಿದೆ. ಕಿಂಡಿಯಲ್ಲಿ ಬಗ್ಗಿ ಕರೆದೆ. ಕೆಳಗೆ ದೀಪ ಉರಿಯುತ್ತಲೇ ಇತ್ತು. ಅದರ ಬೆಳಕಿನಲ್ಲಿ ಅವರು ಗೋಡೆಗೆ ಒರಗಿ ಕೂತಿದ್ದರು, ಸುತ್ತಿಗೆ ಮಡಿಲಲ್ಲಿ, ಮುಖ ಕೆಂಪಗೆ, ದಣಿವಾರಿಸಿಕೊಳ್ಳುವವರ ಹಾಗೆ. ನಾನು ಒಂದು ಕಾಲನ್ನು ಒಳಗೆ ಇಟ್ಟಿದ್ದೆ. ಹಿಂದಿನಿಂದ ಅಂಗಿ ಹರಿಯುವಷ್ಟು ಬಲವಾಗಿ ಯಾರೋ ಎಳೆದರು.

"ಒಬ್ರ್ ಸಾಲ್ದಾ?" ಎಂದರು ಮುತ್ತಕ್ಕ. "ಹಗ್ಗ ಇತ್ತಲೆ. ಎಳೀನಿ."

ರಸ್ತೆಯಲ್ಲಿ ಹೋಗುತ್ತಿದ್ದ ರಿಕ್ಷಾದವರಿಬ್ಬರನ್ನು ಅವರೇ ಕೂಗಿ ಕರೆದರು. ನಾಲ್ವರೂ ಸೇರಿ ಎಳೆದೆವು. ಕಿಂಡಿಯ ಅಂಚಿಗೆ ಉಜ್ಜಿ ಅವರ ಭುಜದ ಚರ್ಮ ಕಿತ್ತುಬಂತು. ಮಣ್ಣಿನ ಮೇಲೆ ಮಲಗಿಸಿ, ಮುಖಕ್ಕೆ ಗಾಳಿ ಬೀಸಿ, ರಿಕ್ಷಾದಲ್ಲಿ ಕುಂದಾಪುರದ ಆಸ್ಪತ್ರೆಗೆ. ದಾರಿಯುದ್ದಕ್ಕೂ ನಾನು ಅವರ ಎದೆಯ ಮೇಲೆ ಕೈಯಿಟ್ಟುಕೊಂಡಿದ್ದೆ. ಅದು ಏರಿ ಇಳಿಯುತ್ತಿತ್ತು. ಎರಡು ಉಸಿರಿನ ನಡುವೆ ಎಷ್ಟು ಜಾಗ ಇರುತ್ತದೆ ಎಂಬುದು ನನಗೆ ತಿಳಿದದ್ದು ಅವತ್ತು.

ಸಂಜೆ ಕಣ್ಣು ಬಿಟ್ಟು, ಆಮ್ಲಜನಕದ ಮುಖವಾಡವನ್ನು ಬದಿಗೆ ಸರಿಸಿ ಅವರು ಕೇಳಿದ ಮೊದಲ ಮಾತು: "ಮಾಷ್ಟ್ರೆ, ದೀಪ ಎಂತಕೆ ನಂದ್ಲಿಲ್ಲೆ?"

ನಾನು ಹೇಳಿದೆ. ಹಳೆಯ ಬಾವಿಯ ಕೆಟ್ಟ ಗಾಳಿ ಒಂದು ಜಾತಿ, ಅದರಲ್ಲಿ ದೀಪ ನಂದುತ್ತದೆ. ಎಂಜಿನ್ನಿನ ಹೊಗೆಯಲ್ಲಿ ಇರುವುದು ಬೇರೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ದೀಪಕ್ಕೆ ಏನೂ ಮಾಡದೆ ಮನುಷ್ಯನ ರಕ್ತವನ್ನು ಹಿಡಿಯುತ್ತದೆ. ಅವರು ಕಣ್ಣು ಮುಚ್ಚಿಕೊಂಡು ಕೇಳಿದರು.

"ನಿಮ್ಗೆ ಇದ್ ಮೊದ್ಲೇ ಗೊತ್ತಿತ್ತಾ?"

"ಗೊತ್ತಿತ್ತ್. ಪಾಠ ಮಾಡ್ತೆ."

"ಎಷ್ಟ್ನೇ ಕ್ಲಾಸಿಗೆ?"

"ಒಂಬತ್ತಕ್ಕೆ."

"ಅದ್ಕೇ" ಎಂದರು. "ನಾ ಎಂಟ್ರಲ್ಲೇ ಬಿಟ್ಟೆ."

ಅವರು ನಕ್ಕದ್ದಕ್ಕೆ ಕೆಮ್ಮು ಬಂತು. ಮಂಚದ ಆಚೆ ಬದಿಯಲ್ಲಿದ್ದ ಅವರ ಹೆಂಡತಿ ನಗಲಿಲ್ಲ. ನನ್ನನ್ನು ಹೊರಗಿನ ಬಾಗಿಲಿನವರೆಗೆ ಕಳಿಸಿಕೊಡಲು ಬಂದು, "ನಿಮ್ಗೆ ಕೈ ಮುಗಿತೆ. ಇನ್ ಆ ಕಟ್ಟೆ ಸುದ್ದಿ ಇವ್ರಿಗೆ ಬ್ಯಾಡ" ಎಂದರು. ನಳಿಗೆಯ ಹನಿ ನೋಡಲು ಎದ್ದು ಹೋಗಿದ್ದೆ ಎಂಬುದನ್ನು ನಾನು ಆ ದಿನ ಅವರಿಬ್ಬರಿಗೂ ಹೇಳಲಿಲ್ಲ. ಮೂರು ದಿನದ ಮೇಲೆ ಹೇಳಿದೆ, ಅವರ ಮನೆಯ ಚಾವಡಿಯಲ್ಲಿ. ಫಿಟ್ರು ಕೇಳಿದ್ದು ಇಷ್ಟೇ: "ಹನಿ ಬಂತಾ?"

"ಬಂತ್."

"ಹಾಂಗಾರೆ ಕೊಳಿವಿ ಪೂರ್ತಿ ಕಟ್ಕಂಡಿಲ್ಲೆ" ಎಂದು ಹೆಂಡತಿಯ ಕಡೆ ನೋಡಿದರು. ಆಕೆ ಎದ್ದು ಒಳಗೆ ಹೋದರು.

ಮಂಡಲದವರ ಉತ್ಸಾಹ ಇಳಿದಿತ್ತು. ತೊಟ್ಟಿಯನ್ನು ಮುಚ್ಚಿಬಿಡೋಣ, ಕಂಬಕ್ಕೆ ಪಂಚಾಯತಿನ ನಲ್ಲಿಯ ಪೈಪು ಜೋಡಿಸೋಣ, ನೀರು ಬಂದರೆ ಸಾಲದೇ ಎಂದರು. ನನಗೂ ಅದೇ ಬೇಕಾಗಿತ್ತು. ನಿದ್ದೆಯಲ್ಲಿ ನನಗೆ ಕುಟ್ಟುವ ಸದ್ದು ಕೇಳುತ್ತಿತ್ತು, ಅದು ನಿಂತ ಕೂಡಲೇ ಎಚ್ಚರವಾಗುತ್ತಿತ್ತು. ಈಗಲೂ ಪಕ್ಕದ ಮನೆಯ ಗ್ರೈಂಡರು ನಿಂತರೆ ಓದುತ್ತಿದ್ದ ಪುಸ್ತಕ ಬಿಟ್ಟು ಎದ್ದು ನಿಲ್ಲುತ್ತೇನೆ. ಆದರೆ ಫಿಟ್ರು, "ಅದಕ್ಕೆ ನಲ್ಲಿ ನೀರ್ ಬಿಟ್ರೆ ಅದೂ ಒಂದ್ ನಲ್ಲಿ. ಭರ್ತ ಇಳ್ತ ಗೊತ್ತಿದ್ದ ನೀರ್ ಮತ್ತೆ ಎಲ್ಲಿತ್ತ್?" ಎಂದರು. ಮಳೆಗಾಲ ಹತ್ತಿರ ಬರುತ್ತಿತ್ತು. ತೊಟ್ಟಿಗೆ ಮಣ್ಣು ತೊಳೆದು ಬಂದರೆ ಮಾಡಿದ್ದೆಲ್ಲ ಹೋಗುತ್ತಿತ್ತು. ಒಡೆದ ಕಡೆ ಹಾಕಲು ಅವರು ಮುಚ್ಚಿದ ಕಾರ್ಖಾನೆಯ ಅಂಗಳದಿಂದ ಮಣ್ಣಿನ ಕೊಳವೆಗಳನ್ನು ಹುಡುಕಿ ತಂದು, ಒಂದೊಂದನ್ನೂ ಕುಟ್ಟಿ ಆರಿಸಿ, ಕೂತಲ್ಲೇ ಗಾರೆ ಕಲಸಿ ಜೋಡಿಸಿದರು. ಉಳಿದದ್ದು ತೊಟ್ಟಿಯೊಳಗಿನ ಬೇರಿನ ಮುದ್ದೆ ಮಾತ್ರ. ಡಾಕ್ಟರು ಅವರಿಗೆ ಇಳಿಯಬಾರದೆಂದು ಹೇಳಿದ್ದರು.

"ನೀವ್ ಇಳಿನಿ" ಎಂದರು ನನಗೆ. "ನಾ ಕೇಂತೆ."

ನಾನು ಹತ್ತು ನೆಪ ಹೇಳಿದೆ. ಎಲ್ಲವನ್ನೂ ಕೇಳಿಸಿಕೊಂಡು, "ಹೆದ್ರಿಕೆ ಇತ್ತಾ?" ಎಂದರು. ಇದೆ ಎಂದೆ. "ಒಳ್ಳೇದಾಯ್ತ್. ಹೆದ್ರಿಕೆ ಇದ್ದವ ಕುಟ್ಟೂದ್ ಮರೀತಿಲ್ಲೆ."

ಒಂದು ವಾರ ಕಿಂಡಿ ತೆರೆದಿಟ್ಟು, ಹಳೆಯ ಪಂಚೆಗಳನ್ನು ಹೊಲಿದು ಕೊಳವೆ ಮಾಡಿ, ಅದಕ್ಕೆ ಟೇಬಲ್ ಫ್ಯಾನ್ ಕಟ್ಟಿ ಒಳಗೆ ಗಾಳಿ ಬಿಟ್ಟೆವು. ನೀರನ್ನು ಕೊಡಪಾನದಲ್ಲೇ ಎತ್ತಿದೆವು. ಫಿಟ್ರು ದೀಪವನ್ನೂ ಇಳಿಸಿದರು. ಮೋಸ ಮಾಡಿದ ದೀಪ ಮತ್ತೆ ಯಾಕೆ ಎಂದು ಕೇಳಿದೆ. "ಮೋಸ ಎಂತದ್? ನಾವ್ ಕೇಂಡದ್ದಕ್ಕೆ ಅದ್ ಸರಿಯಾಗೇ ಹೇಳಿತ್ತ್. ನಾವ್ ಕೇಣದ್ದೇ ಇನ್ನೊಂದ್ ಇದ್ದಿತ್ತ್" ಎಂದರು. ಅವರ ಹೆಂಡತಿ ಕೊಡೆ ಹಿಡಿದು ಬಂದು ಕಿಂಡಿಯ ಹತ್ತಿರವೇ ಕೂತಿದ್ದರು, ಗಂಡ ಇಳಿಯದ ಹಾಗೆ ಕಾಯಲು. ಮುತ್ತಕ್ಕ ಅವತ್ತು ಬುಟ್ಟಿಯನ್ನು ಬೇಗ ಖಾಲಿ ಮಾಡಿಕೊಂಡು ಬಂದಿದ್ದರು. ಹೊಳೆ ಭರತಕ್ಕೆ ಬರುವ ಹೊತ್ತು ನೋಡಿ ಇಳಿದೆ.

ಒಳಗೆ ತಂಪು. ಮುರಕಲ್ಲಿನ ಮೇಲೆ ಉಳಿಯ ಗುರುತುಗಳು ಇನ್ನೂ ಹೊಸದಾಗಿದ್ದವು. ನೀರು ಪಾದದಿಂದ ಕೊಳವೆಯ ಬಾಯಿಯ ಮಟ್ಟಕ್ಕೆ ಸದ್ದಿಲ್ಲದೆ ಏರುತ್ತಿತ್ತು. ಮೂರು ಪೆಟ್ಟು ಕುಟ್ಟಿದೆ. ಕೊಕ್ಕೆಯ ಸರಳಿನಿಂದ ಬೇರನ್ನು ಎಳೆದೆ, ಮತ್ತೆ ಮೂರು ಪೆಟ್ಟು. ಕೊಳವೆಯ ಬಾಯಿ ಬಿಡಿಸಿದಾಗ ಅದರ ಅಂಚಿನ ಮೇಲೆ ಒಂದು ಹೆಬ್ಬೆರಳಿನ ಗುರುತು ಕಂಡಿತು. ಸುಡುವ ಮೊದಲು, ಹಸಿ ಮಣ್ಣಿರುವಾಗ ಯಾರೋ ಒತ್ತಿದ್ದು. ನನ್ನ ಹೆಬ್ಬೆರಳನ್ನು ಅದರ ಮೇಲಿಟ್ಟು ನೋಡಿದೆ. ನನ್ನದಕ್ಕಿಂತ ಚಿಕ್ಕದು, ಹೆಂಗಸಿನದೋ ಏನೋ ಎಂದು ಯೋಚಿಸುತ್ತಿರುವಾಗಲೇ ಎದೆಯ ಹಗ್ಗ ಜಗ್ಗಿತು. ಎಷ್ಟು ಬಲವಾಗಿ ಎಂದರೆ ಕಾಲು ನೆಲ ಬಿಟ್ಟವು.

"ಕುಟ್ಟಿ" ಎಂದು ಮೇಲಿನಿಂದ ಕೇಳಿತು.

ಕುಟ್ಟಿದೆ. ಬೇರಿನ ಕೊನೆಯ ಮುದ್ದೆ ಜಡೆಯ ಹಾಗೆ ಉದ್ದಕ್ಕೆ ಬಂತು, ಅದರ ಹಿಂದೆಯೇ ನೀರು ಕೊಳವೆಯೊಳಗೆ ನುಗ್ಗಿ ಹೋದ ಸದ್ದು. ಸ್ವಲ್ಪ ಹೊತ್ತಿಗೆ ದೂರದಲ್ಲಿ ಗದ್ದಲ. ಮೂರು ಪೆಟ್ಟು ಕುಟ್ಟಿ ಮೇಲೆ ಹತ್ತತೊಡಗಿದೆ.

ಕಿಂಡಿಯಿಂದ ತಲೆ ಹೊರಗೆ ಹಾಕಿದಾಗ ಬಿಸಿಲಿಗೆ ಕಣ್ಣು ಬಿಡಲಾಗಲಿಲ್ಲ. ಇಪ್ಪತ್ತು ಹೆಜ್ಜೆ ಕೆಳಗೆ, ಕಂಬದ ಸುತ್ತ, ಎಲ್ಲರೂ ಸೇರಿದ್ದರು. ಮಂಡಲ, ಮಕ್ಕಳು, ರಿಕ್ಷಾದವರು. ಗಂಡನನ್ನು ಕಾಯಲು ಬಂದ ಹೆಂಡತಿ ಕೂಡ ಕೊಡೆಯನ್ನು ಇಲ್ಲೇ ಬಿಟ್ಟು ಅಲ್ಲಿಗೆ ಹೋಗಿದ್ದರು. ಮುತ್ತಕ್ಕ ಯಾರನ್ನೋ, "ಸರಿನಿ, ಸರಿನಿ, ಮೊದ್ಲ್ ನಾ ಕುಡಿತೆ" ಎಂದು ಗದರಿಸುವುದು ಎಲ್ಲ ಸದ್ದಿನ ಮೇಲೆ ಕೇಳುತ್ತಿತ್ತು.

ಫಿಟ್ರು ಚಪ್ಪಡಿಯ ಮೇಲೆ ಬೋರಲು ಮಲಗಿದ್ದರು. ಒಂದು ಕಿವಿ ಕಲ್ಲಿಗೆ. ಹಗ್ಗ ಎರಡೂ ಮುಂಗೈಗಳಿಗೆ ಸುತ್ತಿ ಬಿಗಿದಿತ್ತು. ನನ್ನ ಎರಡೂ ಕಾಲು ಹುಲ್ಲಿನ ಮೇಲೆ ಬರುವವರೆಗೆ ಅವರು ತಲೆ ಎತ್ತಲಿಲ್ಲ.

"ನೀರ್ ಬಂತಾ?" ಎಂದು ಕೇಳಿದೆ.

"ಗೊತ್ತಿಲ್ಲೆ" ಎಂದರು, ಮುಂಗೈಯ ಹಗ್ಗ ಬಿಡಿಸುತ್ತ. "ನಾ ಇಲ್ಲೇ ಇದ್ದೆ."